ಇಲಿಯ ಸಾಕ್ಷ್ಯ, ಮಗುವಿನ ನಾಳೆ

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂಬ ಗಾದೆಯನ್ನು ಪಟ್ಟ ಶ್ರಮಕ್ಕೆ ತಕ್ಕ ಫಲ ದೊರೆಯದಾಗ ನಾವು ಬಳಸುತ್ತೇವೆ. ಆದರೆ ಕಳೆದ ಒಂದು ಶತಮಾನದಿಂದ ಪ್ರಪಂಚದ ಹಲವು ಕಡೆ ವಿದ್ವಾಂಸರು ಬೇಕೆಂದೇ ಬೆಟ್ಟ ಅಗೆದು ಇಲಿಯನ್ನೇ ಹಿಡಿಯುತ್ತ ಬಂದಿದ್ದಾರೆ. ಹಿಡಿದ ಇಲಿಯನ್ನು ಹೇಗೆ ಸಾಕಬೇಕು, ಯಾವ ಹೊತ್ತಿನಲ್ಲಿ ಮುಟ್ಟಬೇಕು, ಅದರ ನಡೆಯಲ್ಲಿ ಏನನ್ನು ಓದಬೇಕು ಎಂಬುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಬಾಳೆಲ್ಲ ಕನ್ನಡ ಕಾವ್ಯವನ್ನು ಪಾಠ ಹೇಳಿಕೊಂಡು ಬಂದವನಿಗೆ ಈ ಇಲಿಗಳ ಸಹವಾಸವೇಕೆ ಎಂದು ಶ್ರೋತೃಗಳು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಆ ಇಲಿಗಳ ಹಿಂದೆ ಮಕ್ಕಳಿದ್ದಾರೆ ಎಂಬುದು ಮೊದಲನೆಯದು. ಆ ಇಲಿಗಳನ್ನು ಓದುವ ಕ್ರಮಕ್ಕೂ ನಾವು ಹಳೆಯ ಓಲೆಗರಿಗಳನ್ನು ಓದುವ ಕ್ರಮಕ್ಕೂ ಹತ್ತಿರದ ನಂಟಿದೆ ಎಂಬುದು ಎರಡನೆಯದು.

ಮೊದಲು ಮಕ್ಕಳ ವಿಷಯ. ಹುಟ್ಟುವ ಮುನ್ನವೋ ಶೈಶವದಲ್ಲೋ ಮೆದುಳಿನ ಬೆಳವಣಿಗೆಯಲ್ಲಿ ತೊಡಕುಂಟಾಗಿ ನಡೆ, ನುಡಿ, ಕಲಿಕೆ, ಇತರರೊಡನೆ ಬೆರೆಯುವ ಬಗೆ ಇವುಗಳಲ್ಲಿ ಹಿಂದುಳಿಯುವ ಮಕ್ಕಳು ಎಲ್ಲ ದೇಶಗಳಲ್ಲೂ ಎಲ್ಲ ಕುಲಗಳಲ್ಲೂ ಇದ್ದಾರೆ. ಡೌನ್ ಸಿಂಡ್ರೋಮ್, ಆಟಿಸಂ, ಫ್ರಜೈಲ್ ಎಕ್ಸ್, ರೆಟ್ ಸಿಂಡ್ರೋಮ್ ಮೊದಲಾದ ಹೆಸರುಗಳಿಂದ ವೈದ್ಯರು ಗುರುತಿಸುವ ಈ ಸ್ಥಿತಿಗಳನ್ನು ಒಟ್ಟಾಗಿ ಬೆಳವಣಿಗೆಯ ನ್ಯೂನತೆಗಳು ಎನ್ನಬಹುದು. ನಮ್ಮ ಆಡುಮಾತಿನಲ್ಲಿ ಇಂಥ ಮಗುವಿಗೆ ಪೆದ್ದು, ಮಂಕು ಎಂಬ ಮಾತುಗಳೇ ಹೆಚ್ಚು. ಗ್ರಂಥಭಾಷೆ ಬುದ್ಧಿಮಾಂದ್ಯ ಎಂದಿತು. ಸಂಸ್ಕೃತದ ಹೊದಿಕೆ ಬಂದರೂ ಒಳಗಿನ ತಾತ್ಸಾರ ಹೋಗಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರ ೨೦೧೦ರಲ್ಲಿ ಒಂದು ಕಾಯಿದೆ ಮಾಡಿ ಆ ಬಗೆಯ ಹಳೆಯ ಶಬ್ದವನ್ನು ತನ್ನ ಶಾಸನಗಳಿಂದ ತೆಗೆದುಹಾಕಿತು. ನಮ್ಮ ದೇಶದ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಬೌದ್ಧಿಕ ನ್ಯೂನತೆಯನ್ನೂ ಆಟಿಸಂ ಅನ್ನೂ ಹೆಸರಿಸಿ, ಈ ಮಕ್ಕಳು ಹಕ್ಕುಳ್ಳ ಪ್ರಜೆಗಳೆಂದು ಸಾರಿತು. ಹೆಸರು ಬದಲಾದುದು ಒಳ್ಳೆಯದೇ. ಆದರೆ ಹೆಸರು ತಿದ್ದಿದ ಮಾತ್ರಕ್ಕೆ ಮೆದುಳಿನ ಒಳಗಿನ ತೊಡಕು ತಿಳಿಯುವುದಿಲ್ಲ.

ತಿಳಿಯುವ ಬಗೆ ಹೇಗೆ? ಮಗುವಿನ ಮೆದುಳನ್ನು ಬಿಚ್ಚಿ ನೋಡುವಂತಿಲ್ಲ, ನೋಡಲೂ ಕೂಡದು. ಇಲ್ಲಿ ಇಲಿ ಬರುತ್ತದೆ. ಇಲಿಯ ಗರ್ಭ ಮೂರು ವಾರದ್ದು. ಹುಟ್ಟಿದ ಮರಿ ಎರಡು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ. ಮನುಷ್ಯರಲ್ಲಿ ಎರಡು ದಶಕ ಹಿಡಿಯುವ ಬೆಳವಣಿಗೆಯನ್ನು ಅದರಲ್ಲಿ ಒಂದೇ ಋತುವಿನಲ್ಲಿ ಕಾಣಬಹುದು. ೨೦೦೨ರಲ್ಲಿ ಇಲಿಯ ಜೀನ್‌ಗಳ ಕರಡು ಬರಹ ಓದಿಗೆ ಸಿಕ್ಕಿದಾಗ, ನಮ್ಮ ಜೀನ್‌ಗಳಲ್ಲಿ ಬಹುಪಾಲಿಗೆ ಅಲ್ಲಿ ಸಮಾನವಾದುದು ಉಂಟೆಂದು ಸ್ಪಷ್ಟವಾಯಿತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಇಪ್ಪತ್ತೊಂದನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆಂದು ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿದ್ದು ೧೯೫೯ರಲ್ಲಿ. ಅದಕ್ಕೆ ಸಂವಾದಿಯಾದ ಜೀನ್‌ಗಳ ಒಂದು ದೊಡ್ಡ ಭಾಗ ಮೂರು ಪಟ್ಟಾಗಿರುವ ಇಲಿಯ ತಳಿಯೊಂದನ್ನು ಅಮೆರಿಕದ ಜಾಕ್ಸನ್ ಪ್ರಯೋಗಶಾಲೆಯ ಮ್ಯೂರಿಯೆಲ್ ಡೇವಿಸನ್ ೧೯೯೦ರಲ್ಲಿ ಲೋಕಕ್ಕೆ ಕೊಟ್ಟರು. ಫ್ರಜೈಲ್ ಎಕ್ಸ್‌ಗೆ ಕಾರಣವಾದ ಜೀನ್ ಪತ್ತೆಯಾದದ್ದು ೧೯೯೧ರಲ್ಲಿ. ಆ ಜೀನ್ ಇಲ್ಲದ ಇಲಿಯನ್ನು ಹಾಲೆಂಡ್ ಮತ್ತು ಬೆಲ್ಜಿಯಂ ದೇಶಗಳ ವಿಜ್ಞಾನಿಗಳು ೧೯೯೪ರಲ್ಲಿ ರೂಪಿಸಿದರು.

ಆದರೆ ಇಲಿಗೆ ಆಟಿಸಂ ಬರುವುದಿಲ್ಲ. ಇಲಿಗೆ ಶಾಲೆಯಿಲ್ಲ, ಅಕ್ಷರವಿಲ್ಲ, ಅಮ್ಮ ಎಂದು ಕರೆಯಬೇಕಾದ ಹೊತ್ತಿಗೆ ಕರೆಯದೆ ಹೋಗುವ ಸಂಕಟವಿಲ್ಲ. ಇಲಿ ಹೇಳಬಲ್ಲದ್ದು ಒಂದೆರಡು ಎಳೆಗಳನ್ನು ಮಾತ್ರ. ಆ ಎಳೆಗಳನ್ನು ಹೊರಡಿಸಲು ಹಲವು ಪರೀಕ್ಷೆಗಳಿವೆ. ನೀರು ತುಂಬಿದ ಒಂದು ದುಂಡು ತೊಟ್ಟಿಯಲ್ಲಿ, ಮೇಲ್ಮೈಗಿಂತ ತುಸು ಕೆಳಗೆ, ಕಣ್ಣಿಗೆ ಕಾಣದ ಒಂದು ಮಣೆಯನ್ನಿಟ್ಟು, ಈಜುವ ಇಲಿ ಅದನ್ನು ದಿನದಿಂದ ದಿನಕ್ಕೆ ಎಷ್ಟು ಬೇಗ ನೆನಪಿಟ್ಟು ತಲಪುತ್ತದೆಂದು ಅಳೆಯುವುದು ಒಂದು. ಇದು ರಿಚರ್ಡ್ ಮಾರಿಸ್ ಎಂಬ ಬ್ರಿಟಿಷ್ ವಿಜ್ಞಾನಿ ೧೯೮೧ರಲ್ಲಿ ಪ್ರಕಟಿಸಿದ ಕ್ರಮ. ಮೂರು ಅಂಕಣದ ಪೆಟ್ಟಿಗೆಯಲ್ಲಿ ಒಂದು ಕಡೆ ಇನ್ನೊಂದು ಇಲಿಯನ್ನು, ಇನ್ನೊಂದು ಕಡೆ ಜೀವವಿಲ್ಲದ ವಸ್ತುವನ್ನು ಇಟ್ಟು, ನಡುವೆ ಬಿಟ್ಟ ಇಲಿ ಯಾರ ಬಳಿ ಹೆಚ್ಚು ಹೊತ್ತು ಕಳೆಯುತ್ತದೆಂದು ನೋಡುವುದು ಇನ್ನೊಂದು. ಅಮೆರಿಕದ ಜಾಕ್ವೆಲಿನ್ ಕ್ರಾಲಿ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಮೂರನೆಯದು ನನಗೆ ಎಲ್ಲಕ್ಕಿಂತ ಹೃದಯಸ್ಪರ್ಶಿಯಾಗಿ ಕಂಡಿದೆ. ತಾಯಿಯಿಂದ ಬೇರಾದ ಇಲಿಮರಿ ಕೂಗುತ್ತದೆ. ಸೆಕೆಂಡಿಗೆ ೨೦,೦೦೦ ಕಂಪನಗಳನ್ನು ಮೀರಿದ ಧ್ವನಿ ನಮ್ಮ ಕಿವಿಗೆ ನಿಲುಕದು. ಈ ಮರಿಯ ಕೂಗು ಅದಕ್ಕೂ ಬಹಳ ಮೇಲಿನದು. ಕೋಣೆ ನಿಶ್ಶಬ್ದವೆಂದು ನಾವು ಭಾವಿಸಿರುವಾಗ ಮರಿ ತಾಯಿಯನ್ನು ಕರೆಯುತ್ತಲೇ ಇರುತ್ತದೆ. ವಿಶೇಷ ಧ್ವನಿಗ್ರಾಹಕವಿಟ್ಟರೆ ಮಾತ್ರ ಅದು ಕೇಳುತ್ತದೆ. ಮಾತು ಬಾರದ ಮಕ್ಕಳ ವಿಷಯದಲ್ಲೂ ನಾವು ಇದನ್ನು ನೆನಪಿಟ್ಟರೆ ಒಳಿತು.

ಇನ್ನು ತೊಡಕಿನ ಮಾತು. ಇಲಿಯ ನಡೆ ಅತ್ಯಂತ ಸುಲಭವಾಗಿ ಕೆಡುವ ಪಾಠ. ೧೯೯೯ರಲ್ಲಿ ಜಾನ್ ಕ್ರ್ಯಾಬ್, ಡಗ್ಲಸ್ ವಾಲ್ಸ್ಟನ್, ಬ್ರೂಸ್ ಡ್ಯೂಡೆಕ್ ಎಂಬ ಮೂವರು ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿದರು. ಇಲಿಗಳ ಪರೀಕ್ಷೆ ಎನ್ನುವುದಕ್ಕಿಂತ ಅದು ಪರೀಕ್ಷಕರದೇ ಪರೀಕ್ಷೆ ಎನ್ನಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್ ಮತ್ತು ಆಲ್ಬನಿ, ಕೆನಡಾದ ಎಡ್ಮಂಟನ್ ಈ ಮೂರು ಊರುಗಳಲ್ಲಿ ಅವೇ ತಳಿಗಳ, ಒಂದೇ ವಯಸ್ಸಿನ ಇಲಿಗಳನ್ನು ತಂದು, ಒಂದೇ ಬಗೆಯ ಸಲಕರಣೆಗಳನ್ನಿಟ್ಟು, ಒಂದೇ ದಿನ ಆಯಾ ಊರಿನ ಅದೇ ಗಂಟೆಗೆ ಪರೀಕ್ಷೆಗಳನ್ನು ಮೊದಲುಮಾಡಿದರು. ಇಷ್ಟೆಲ್ಲ ಮಾಡಿಯೂ ಕೆಲವು ಪರೀಕ್ಷೆಗಳ ಫಲ ಊರಿನಿಂದ ಊರಿಗೆ ಬೇರೆಯಾಯಿತು. ತಳಿ ತಳಿಗೆ ಇರುವ ದೊಡ್ಡ ವ್ಯತ್ಯಾಸಗಳು ಎಲ್ಲೆಡೆ ಉಳಿದುವು, ಸೂಕ್ಷ್ಮವಾದುವು ಅದಲುಬದಲಾದುವು. ೨೦೧೪ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಿಂದ ಇನ್ನೊಂದು ವರದಿ ಬಂದಿತು. ಪರೀಕ್ಷೆ ಮಾಡುವವರು ಗಂಡಸರಾದರೆ ಆ ಮೈವಾಸನೆಗೇ ಇಲಿಗಳು ಬೆದರುತ್ತವೆ. ಗಂಡಸು ತೊಟ್ಟು ಬಿಟ್ಟ ಅಂಗಿಯನ್ನು ಹತ್ತಿರವಿಟ್ಟರೂ ಅಷ್ಟೇ. ಹೆಂಗಸರು ಬಂದಾಗ ಹಾಗಾಗುವುದಿಲ್ಲ. ಅಂದರೆ ಸೋಮವಾರ ಒಬ್ಬ ವಿದ್ಯಾರ್ಥಿ, ಮಂಗಳವಾರ ಒಬ್ಬ ವಿದ್ಯಾರ್ಥಿನಿ ಪರೀಕ್ಷೆ ಮಾಡಿದರೆ, ಜೀನ್‌ನ ಗುಣವೆಂದು ಬರೆದುಕೊಂಡದ್ದು ವಾಸ್ತವವಾಗಿ ಅಂಗಿಯ ಗುಣವಾಗಿರಬಹುದು!

ಇನ್ನೂ ಒಂದು ಉದಾಹರಣೆ. ಸಿ೩ಎಚ್, ಎಫ್‌ವಿಬಿ ಎಂಬ ಹೆಸರಿನ ತಳಿಗಳ ಇಲಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ದೃಷ್ಟಿ ಕಳೆದುಕೊಳ್ಳುತ್ತವೆ. ಇದು ಅವುಗಳ ವಂಶದಲ್ಲೇ ಬಂದ ದೋಷ. ನೀರಿನ ತೊಟ್ಟಿಯ ಪರೀಕ್ಷೆಯಲ್ಲಿ ಸುತ್ತಲಿನ ಗೋಡೆಯ ಗುರುತುಗಳನ್ನು ನೋಡಿಯೇ ಇಲಿ ದಾರಿ ಕಲಿಯಬೇಕು. ಇದನ್ನರಿಯದವನು ಇಂಥ ಇಲಿಯನ್ನು ತೊಟ್ಟಿಗೆ ಬಿಟ್ಟು, ಮಣೆ ಸಿಗಲಿಲ್ಲವೆಂದು ನೋಡಿ, ನೆನಪಿನ ಶಕ್ತಿಯಿಲ್ಲದ ಇಲಿ ಎಂದು ತೀರ್ಪು ಬರೆಯುತ್ತಾನೆ. ಇಲಿಗಿರುವುದು ಕಣ್ಣಿನ ದೋಷ. ತೀರ್ಪು ಬಿದ್ದದ್ದು ಬುದ್ಧಿಯ ಮೇಲೆ. ಕಿವಿ ಕೇಳದ ಎಷ್ಟು ಮಕ್ಕಳನ್ನು ನಮ್ಮ ಊರುಗಳ ಶಾಲೆಗಳು ಹೀಗೆಯೇ ಮಂಕರೆಂದು ಹಿಂದಿನ ಬೆಂಚಿಗೆ ಕಳಿಸಿಲ್ಲ?

ಗ್ರಂಥಸಂಪಾದನೆ ಮಾಡಿದವರಿಗೆ ಇದು ಪರಿಚಿತವಾದ ಸಂಕಟ. ಲಿಪಿಕಾರನ ಕೈತಪ್ಪನ್ನು ಕವಿಯ ಪ್ರಯೋಗವೆಂದು ಎಣಿಸಿ ವಿದ್ವತ್ಪೂರ್ಣವಾದ ವ್ಯಾಖ್ಯಾನ ಬರೆದವರನ್ನು ನಾವು ಕಂಡಿದ್ದೇವೆ. ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ನಕಲು ಹಬ್ಬುವಾಗ ತಪ್ಪು ಸೇರುತ್ತದೆ. ಕೊನೆಗೆ ಪಾಠಾಂತರಗಳ ಶಾಖೆಗಳೇ ಏಳುತ್ತವೆ. ಇಲಿಯ ವಂಶದಲ್ಲೂ ಹೀಗೆಯೇ. ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಪ್ಪು ಇಲಿಯ ತಳಿಯನ್ನು ಕ್ಲಾರೆನ್ಸ್ ಕುಕ್ ಲಿಟ್ಲ್ ೧೯೨೧ರಲ್ಲಿ ಕಟ್ಟಿದರು. ೧೯೫೧ರಲ್ಲಿ ಅದರ ಒಂದು ಕವಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋಯಿತು. ಒಂದೇ ತಾಯಿಬೇರಿನ ಈ ಎರಡು ಕವಲುಗಳಲ್ಲಿ ಇಂದು ಬೇರೆ ಬೇರೆ ತಪ್ಪುಗಳು ಸೇರಿವೆ. ಒಂದರಲ್ಲಿ ಕಣ್ಣಿನ ಪಟಲಕ್ಕೆ ಸಂಬಂಧಿಸಿದ ದೋಷವಿದೆ, ಇನ್ನೊಂದರಲ್ಲಿಲ್ಲ. ಯಾವ ಪ್ರತಿಯನ್ನು ಓದುತ್ತಿದ್ದೇವೆಂದು ಹೇಳದೆ ಅರ್ಥ ಹೇಳಹೊರಡುವುದು ಎಲ್ಲಿಯೂ ಅಪಾಯವೇ.

ಪ್ರತಿಗಳನ್ನು ಕಾಯುವ ಮನೆ ಎಲ್ಲರಿಗೂ ಸೇರಿದ್ದಾದರೆ ಏನಾಗುತ್ತದೆಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ೧೮೯೧ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸದಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ದೊರೆಯುವುದು ಇನ್ನೆಷ್ಟು ತಡವಾಗುತ್ತಿತ್ತೋ! ಇಲಿಗಳ ಲೋಕದಲ್ಲಿ ಅಂಥ ಭಂಡಾರ, ಲಿಟ್ಲ್ ಅವರು ೧೯೨೯ರಲ್ಲಿ ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರಿನಲ್ಲಿ ಕಟ್ಟಿದ ಜಾಕ್ಸನ್ ಪ್ರಯೋಗಶಾಲೆ. ೧೯೪೭ರ ಅಕ್ಟೋಬರಿನಲ್ಲಿ ಕಾಳ್ಗಿಚ್ಚು ಆ ದ್ವೀಪವನ್ನು ಹೊಕ್ಕು ಪ್ರಯೋಗಶಾಲೆಯನ್ನು ಸುಟ್ಟಿತು. ಸಾವಿರಾರು ಇಲಿಗಳು ಸತ್ತುವು, ಎಷ್ಟೋ ತಲೆಮಾರುಗಳಿಂದ ಶುದ್ಧವಾಗಿ ಕಾಯ್ದುಕೊಂಡು ಬಂದ ತಳಿಗಳು ಇಲ್ಲವಾದುವು. ಆಗ ಆದದ್ದೇನು? ಹಿಂದೆ ಅಲ್ಲಿಂದ ಇಲಿಗಳನ್ನು ಪಡೆದಿದ್ದ ನಾನಾ ಕಡೆಯ ಪ್ರಯೋಗಶಾಲೆಗಳು ಅವೇ ತಳಿಗಳ ಜೋಡಿಗಳನ್ನು ಹಿಂದಕ್ಕೆ ಕಳಿಸಿದುವು. ಹಂಚಿದ್ದರಿಂದ ಉಳಿಯಿತು, ಬಚ್ಚಿಟ್ಟಿದ್ದರೆ ಬೂದಿಯಾಗುತ್ತಿತ್ತು. ೧೯೭೨ರಲ್ಲಿ ಇಲಿಯ ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಮತ್ತೆ ಜೀವಂತ ಮರಿಗಳನ್ನು ಪಡೆಯುವ ವಿದ್ಯೆ ಸಿದ್ಧಿಸಿದ ಮೇಲೆ ಮೂಲಪ್ರತಿಯನ್ನು ಶೈತ್ಯದಲ್ಲಿ ಕಾಪಿಡುವುದೂ ಸಾಧ್ಯವಾಯಿತು.

ತಳಿಯ ಭಂಡಾರ ಸಾಮಾನ್ಯವಾದಂತೆ ಪರೀಕ್ಷೆಯ ಮನೆಯೂ ಸಾಮಾನ್ಯವಾಗಬೇಕೆಂಬ ಯೋಚನೆ ಅಮೆರಿಕದಲ್ಲಿ ಗಟ್ಟಿಯಾದುದಕ್ಕೆ ಒಂದು ಮನೆಯ ದುಃಖವೂ ಕಾರಣ. ಅಧ್ಯಕ್ಷ ಜಾನ್ ಕೆನಡಿಯವರ ಸೋದರಿ ರೋಸ್‌ಮೇರಿ ಬೌದ್ಧಿಕ ನ್ಯೂನತೆಯುಳ್ಳವರು. ಇನ್ನೊಬ್ಬ ಸೋದರಿ ಯೂನಿಸ್ ಕೆನಡಿ ಶ್ರೈವರ್ ಈ ಕಾರ್ಯಕ್ಕಾಗಿಯೇ ಬಾಳು ಸವೆಸಿದವರು. ಮಕ್ಕಳ ಆರೋಗ್ಯ ಮತ್ತು ಮಾನವ ಬೆಳವಣಿಗೆಯ ರಾಷ್ಟ್ರೀಯ ಸಂಸ್ಥೆ ೧೯೬೨ರಲ್ಲಿ ಹುಟ್ಟಿತು. ಮರುವರ್ಷ ಅಕ್ಟೋಬರ್ ೩೧ರಂದು, ತಾವು ಹತರಾಗುವ ಮೂರು ವಾರಗಳ ಮೊದಲು, ಕೆನಡಿ ಸಹಿ ಮಾಡಿದ ಕಾಯಿದೆ ಈ ವಿಷಯದ ಸಂಶೋಧನಾ ಕೇಂದ್ರಗಳನ್ನು ಕಟ್ಟಲು ಹಣ ಒದಗಿಸಿತು. ಮೊದಲು ಹನ್ನೆರಡು ಕೇಂದ್ರಗಳು ಎದ್ದುವು. ಅವುಗಳ ಪರಂಪರೆ ಇಂದಿನ ಕೇಂದ್ರಗಳಲ್ಲಿ ಮುಂದುವರಿದಿದೆ.

ಈ ಕೇಂದ್ರಗಳ ವಿಶೇಷವೆಂದರೆ ಅವುಗಳ ಒಳಗಿನ ಸಾಮಾನ್ಯ ಸೇವಾ ಘಟಕಗಳು. ಅಲ್ಲಿಯವರು ಅವನ್ನು ‘ಕೋರ್’ ಎನ್ನುತ್ತಾರೆ, ಎಂದರೆ ತಿರುಳು. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಇದು ಊರೊಟ್ಟಿನ ಕೆಲಸ. ಕಬ್ಬು ಬೆಳೆದವರೆಲ್ಲರೂ ಒಂದೊಂದು ಗಾಣ ಹೂಡುವುದಿಲ್ಲ. ಊರಿನ ಆಲೆಮನೆಗೆ ಕಬ್ಬು ಒಯ್ಯುತ್ತಾರೆ. ಪಾಕ ಹಿಡಿಯುವ ಹದ ಬಲ್ಲವನು ಅಲ್ಲಿರುತ್ತಾನೆ. ಹಾಗೆಯೇ ಜೀನ್ ತಿದ್ದಿದ ಇಲಿಯನ್ನು ರೂಪಿಸಿದ ವಿಜ್ಞಾನಿ ಅದರ ನಡೆಯನ್ನು ಪರೀಕ್ಷಿಸಲು ಈ ಘಟಕಕ್ಕೆ ಒಯ್ಯುತ್ತಾನೆ. ಪಾಲಿನ ಶುಲ್ಕ ಅವನದು, ಉಳಿದ ವೆಚ್ಚ ಸಂಸ್ಥೆಯ ಅನುದಾನದ್ದು. ಘಟಕದಲ್ಲಿ ಇಲಿಗಳು ಮೊದಲು ಕೆಲವು ದಿನ ವಿರಮಿಸಿ ಜಾಗಕ್ಕೆ ಹೊಂದಿಕೊಳ್ಳುತ್ತವೆ. ಕಣ್ಣು, ಕಿವಿ, ಮೂಗು, ನಡಿಗೆ ಸರಿಯಿವೆಯೇ ಎಂದು ನೋಡಿದ ಮೇಲೆಯೇ ಬುದ್ಧಿಯ ಪರೀಕ್ಷೆ. ಸೌಮ್ಯವಾದ ಪರೀಕ್ಷೆಗಳು ಮೊದಲು, ಆಯಾಸ ತರುವವು ಕೊನೆಗೆ. ಯಾವ ಇಲಿ ಜೀನ್ ಬದಲಾದದ್ದು, ಯಾವುದು ಸಾಮಾನ್ಯವಾದದ್ದು ಎಂಬುದು ಪರೀಕ್ಷಿಸುವವರಿಗೆ ತಿಳಿಯದಂತೆ ಮುಚ್ಚಿಡುತ್ತಾರೆ. ಹೆಸರು ಮುಚ್ಚಿ ಉತ್ತರಪತ್ರಿಕೆ ತಿದ್ದಿದವರಿಗೆ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಇಲಿಗಳನ್ನು ಪರೀಕ್ಷಿಸಿದರೆ ಫಲ ನಂಬಲರ್ಹವೆಂಬುದನ್ನು ಸಂಖ್ಯಾಶಾಸ್ತ್ರಜ್ಞರು ಮೊದಲೇ ಎಣಿಸಿ ಹೇಳುತ್ತಾರೆ. ಇದೆಲ್ಲ ಸಪ್ಪೆಯಾದ ಕೆಲಸ. ಆದರೆ ಇದು ಕೆಟ್ಟರೆ ಮೇಲಿನದೆಲ್ಲ ಕೆಡುತ್ತದೆ.

ಕೆಟ್ಟರೆ ಯಾರಿಗೆ ನಷ್ಟ? ನನ್ನ ಪರಿಚಯದ ಒಂದು ಮನೆಯಲ್ಲಿ ಮಾತು ಬಾರದ ಹುಡುಗನಿದ್ದಾನೆ. ಅವನ ತಾಯಿ ಒಮ್ಮೆ ಪತ್ರಿಕೆಯ ತುಂಡೊಂದನ್ನು ಹಿಡಿದು ಬಂದು, “ಮೇಷ್ಟ್ರೇ, ಇಲಿಗೆ ವಾಸಿಯಾಯಿತಂತೆ. ನಮ್ಮ ಪುಟ್ಟನಿಗೆ ಇನ್ನೆಷ್ಟು ವರ್ಷ ಬೇಕಾದೀತು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಂದಿನಿಂದ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ. ಪ್ರಯೋಗಶಾಲೆಯ ಕೋಣೆಯೊಂದರಲ್ಲಿ ಅಜಾಗರೂಕತೆಯಿಂದ ಬರೆದ ಒಂದು ಸಾಲು ಸಾವಿರಾರು ಮೈಲಿ ದಾಟಿ, ಒಬ್ಬ ತಾಯಿಯ ಕೈಯಲ್ಲಿ ಆಸೆಯಾಗಿ ಕುಳಿತುಕೊಳ್ಳಬಲ್ಲದು.

ಆಸೆ ಮುರಿದ ಪ್ರಸಂಗಗಳುಂಟು. ಫ್ರಜೈಲ್ ಎಕ್ಸ್‌ನ ಇಲಿಗಳಲ್ಲಿ ಮೆದುಳಿನ ಒಂದು ಗ್ರಾಹಕ ಅತಿಯಾಗಿ ದುಡಿಯುತ್ತದೆ, ಅದನ್ನು ತಗ್ಗಿಸಿದರೆ ಅನೇಕ ತೊಡಕುಗಳು ತಿಳಿಯಾಗುತ್ತವೆ ಎಂದು ೨೦೦೭ರಲ್ಲಿ ಕಂಡುಬಂತು. ಅದನ್ನು ನಂಬಿ ತಯಾರಾದ ಔಷಧಗಳನ್ನು ತರುಣರಿಗೂ ವಯಸ್ಕರಿಗೂ ಕೊಟ್ಟು ನೋಡಿದರು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ಪ್ರಮುಖವಾದ ಒಂದು ಪ್ರಯತ್ನವನ್ನು ೨೦೧೪ರಲ್ಲಿ ಕೈಬಿಟ್ಟರು. ಇದಕ್ಕೆ ಕಾರಣ ಒಂದೇ ಅಲ್ಲ. ಇಲಿಗೂ ಮನುಷ್ಯರಿಗೂ ಇರುವ ದೂರ ಒಂದು. ಔಷಧ ಕೊಟ್ಟ ವಯಸ್ಸು ಇನ್ನೊಂದು. ಮನುಷ್ಯರಲ್ಲಿ ಗುಣವನ್ನು ಅಳೆದ ಅಳತೆಗೋಲು ಮತ್ತೊಂದು. ಸಾಮಾನ್ಯ ಘಟಕಗಳು ಈ ದೂರವನ್ನು ಅಳಿಸಲಾರವು. ದೂರ ಎಷ್ಟೆಂಬುದನ್ನು ಪ್ರಾಮಾಣಿಕವಾಗಿ ಹೇಳಬಲ್ಲವು, ಅಷ್ಟೆ. ಅದೇ ಸಣ್ಣ ಉಪಕಾರವಲ್ಲ.

ಆಸೆ ನಿಂತ ಪ್ರಸಂಗಗಳೂ ಉಂಟು. ರೆಟ್ ಸಿಂಡ್ರೋಮ್ ಬಹುಮಟ್ಟಿಗೆ ಹೆಣ್ಣುಮಕ್ಕಳನ್ನು ಕಾಡುವಂಥದು. ಒಂದು ವರ್ಷದ ಆಸುಪಾಸಿನವರೆಗೆ ಆಡಿಕೊಂಡಿದ್ದ ಮಗು ಕಲಿತ ಮಾತನ್ನೂ ಕೈಗಳ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಇದರ ಜೀನ್ ಹ್ಯೂಸ್ಟನ್ನಿನ ಹುದಾ ಜೋಗ್ಬಿಯವರ ಪ್ರಯೋಗಶಾಲೆಯಲ್ಲಿ ೧೯೯೯ರಲ್ಲಿ ಪತ್ತೆಯಾಯಿತು. ೨೦೦೭ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಮತ್ತು ಸಂಗಡಿಗರು, ರೋಗ ಬಲಿತ ಇಲಿಗಳಲ್ಲಿಯೂ ಆ ಜೀನ್ ಮತ್ತೆ ಕೆಲಸ ಮಾಡುವಂತಾದರೆ ಇಲಿ ಚೇತರಿಸಿಕೊಳ್ಳುತ್ತದೆಂದು ತೋರಿಸಿದರು. ಮೆದುಳು ಹಾಳಾಗಿ ಮುಗಿದಿಲ್ಲ, ಕಾದು ಕುಳಿತಿದೆ ಎಂಬುದು ಇದರ ಅರ್ಥ. ೨೦೨೩ರಲ್ಲಿ ಅಮೆರಿಕ ಸರ್ಕಾರ ಈ ಸ್ಥಿತಿಗೆಂದೇ ಮೊದಲ ಔಷಧವೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಬರ್ಡ್ ಅವರ ಕ್ರಮದಂತೆ ಜೀನ್ ಅನ್ನು ತಿದ್ದುವಂಥದಲ್ಲ. ರೋಗವನ್ನು ನೀಗಿಸುವಂಥದೂ ಅಲ್ಲ, ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಹಗುರಾಗಿಸುವಂಥದು.

ನಮ್ಮ ಬೆಂಗಳೂರೂ ಈ ಊರೊಟ್ಟಿನ ಕೆಲಸದಲ್ಲಿ ಪಾಲುಗೊಂಡಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಿರುವ ಆವರಣದಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದವರೊಡನೆ ಕೂಡಿ, ಸುಮಂತ್ರ ಚಟರ್ಜಿಯವರಂಥ ವಿಜ್ಞಾನಿಗಳು ಫ್ರಜೈಲ್ ಎಕ್ಸ್ ಅಧ್ಯಯನ ನಡೆಸಿದ್ದಾರೆ. ೨೦೧೯ರಲ್ಲಿ ಇವರು ಮತ್ತು ಎಡಿನ್‌ಬರೋದವರು ಸೇರಿ ಪ್ರಕಟಿಸಿದ ಒಂದು ಲೇಖನದಲ್ಲಿ, ರ‍್ಯಾಟ್ ಎಂಬ ದೊಡ್ಡ ಜಾತಿಯ ಇಲಿಗಳಿಗೆ ಎಳವೆಯಲ್ಲಿ ಕೆಲವೇ ವಾರ ಔಷಧ ಕೊಟ್ಟರೆ, ನಿಲ್ಲಿಸಿದ ಮೇಲೆಯೂ ತಿಂಗಳುಗಳ ಕಾಲ ಕಲಿಕೆಯ ಗುಣ ಉಳಿಯಿತೆಂಬ ಸಂಗತಿಯಿದೆ. ಎಳವೆಯಲ್ಲೇ ನೆರವಾಗಬೇಕೆಂಬ ಹಿರಿಯರ ಮಾತಿಗೆ ಇದು ಒಂದು ಸಾಕ್ಷ್ಯ. ಇಲಿಯ ಸಾಕ್ಷ್ಯ, ಮಗುವಿನದಲ್ಲ ಎಂಬ ಎಚ್ಚರವನ್ನು ಮಾತ್ರ ಜೊತೆಯಲ್ಲೇ ಇಟ್ಟುಕೊಳ್ಳಬೇಕು.

ಕೊನೆಗೆ, ಇಲಿಯ ಪರವಾಗಿ ಒಂದು ಮಾತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಪ್ರಯೋಗಶಾಲೆಯ ಬಾಗಿಲಲ್ಲಿ ಬರೆದಿಡಬೇಕು. ಗಣಪತಿಗೆ ವಾಹನವಾದ ಪ್ರಾಣಿಯನ್ನು ಪ್ರಯೋಗಪಶು ಮಾಡುವಾಗ ನಮ್ಮ ಜನರಿಗೆ ಸಂಕೋಚವಾದರೆ ಅದು ಅಜ್ಞಾನವಲ್ಲ, ಸಂಸ್ಕಾರ. ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ ೧೯೫೯ರಲ್ಲಿಯೇ ಮೂರು ಸೂತ್ರಗಳನ್ನು ಹೇಳಿದರು: ಪ್ರಾಣಿಯಿಲ್ಲದೆ ಸಾಧ್ಯವಾದರೆ ಬಿಡಿ, ಸಂಖ್ಯೆಯನ್ನು ಕಡಿಮೆ ಮಾಡಿ, ನೋವನ್ನು ತಗ್ಗಿಸಿ. ನಮ್ಮ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಮತ್ತು ಅದರ ಮುಂದಿನ ನಿಯಮಗಳಂತೆ ಇಂಥ ಪ್ರಯೋಗಗಳು ನೀತಿಸಮಿತಿಯ ಒಪ್ಪಿಗೆ ಪಡೆಯಬೇಕು. ಹತ್ತು ಕಡೆ ಹತ್ತು ಜನ ಅರೆಬರೆಯಾಗಿ ಪರೀಕ್ಷೆ ಮಾಡಿದರೆ ಸಾಯುವ ಇಲಿಗಳೂ ಹತ್ತು ಪಟ್ಟು, ಸಿಗುವ ಅರಿವೂ ಸಂಶಯಾಸ್ಪದ. ಬಲ್ಲ ಕೈಗಳಿರುವ ಒಂದೇ ಸಾಮಾನ್ಯ ಮನೆಯಲ್ಲಿ ಸರಿಯಾಗಿ ಮಾಡಿದರೆ ವ್ಯರ್ಥವಾದ ಪ್ರಾಣಗಳಷ್ಟಾದರೂ ಉಳಿಯುತ್ತವೆ.

ಓಲೆಗರಿಗೆ ಎಣ್ಣೆ ಸವರಿ, ಹುಳು ಬೀಳದಂತೆ ಕಾಯ್ದ ಗ್ರಂಥಾಲಯದ ಸೇವಕರ ಹೆಸರು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇಲ್ಲ. ಇಲಿಯ ಪಂಜರ ತೊಳೆಯುವವರ, ದೀಪದ ಬೆಳಕನ್ನು ಅಳೆಯುವವರ, ಪ್ರತಿದಿನ ಅದೇ ಹೊತ್ತಿಗೆ ಅದೇ ಮೆದುವಾದ ಕೈಯಿಂದ ಮರಿಯನ್ನು ಎತ್ತುವವರ ಹೆಸರೂ ವಿಜ್ಞಾನದ ಪತ್ರಿಕೆಗಳ ತಲೆಬರಹದಲ್ಲಿ ಕಾಣಿಸದು. ಆದರೆ ಮಾತು ಬಾರದ ಮಗುವಿನ ತಾಯಿಗೆ ಒಂದು ದಿನ ಯಾರಾದರೂ ನಂಬಿಕೆಯ ಮಾತು ಹೇಳುವುದಾದರೆ, ಆ ಮಾತು ಇವರ ಕೈಗಳನ್ನು ಹಾದೇ ಬರಬೇಕಾಗಿದೆ.